ವಿಶ್ವವಿದ್ಯಾಲಯದ ಪಠ್ಯಕ್ರಮ ಪರಿವರ್ತನೆ ಮತ್ತು ವಿದ್ಯಾರ್ಥಿ ಸಲಹೆಗಾರ : ಒಂದು ಚಾರಿತ್ರಿಕ ಅವಲೋಕನ

೧

ಕನ್ನಡ ನಾಡಿನ ವಿದ್ಯಾರ್ಥಿಯೊಬ್ಬನು ಉನ್ನತ ವ್ಯಾಸಂಗಕ್ಕಾಗಿ ಹೊರನಾಡಿಗೆ ಹೋದುದನ್ನು ತಿಳಿಸುವ ಪ್ರಾಚೀನ ದಾಖಲೆಗಳಲ್ಲಿ ತಾಳಗುಂದದ ಸ್ತಂಭಶಾಸನವು ಮುಖ್ಯವಾದುದು. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಶಾಸನವು ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಸೇರಿದನೆಂದು ಹೇಳುತ್ತದೆ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ನಡೆದ ಕಲಹ, ಮಯೂರಶರ್ಮನು ವ್ಯಾಸಂಗವನ್ನು ತೊರೆದು ಖಡ್ಗ ಹಿಡಿದುದು, ಕದಂಬ ರಾಜ್ಯದ ಸ್ಥಾಪನೆ — ಇವೆಲ್ಲ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿಗಳು. ವಿದ್ವಾಂಸರ ಗಮನವೆಲ್ಲ ಸಹಜವಾಗಿಯೇ ಈ ಉತ್ತರಾರ್ಧದ ಕಡೆಗೆ ಹರಿದಿದೆ. ಪ್ರಸ್ತುತ ಲೇಖನದಲ್ಲಿ ನಾವು ಪೂರ್ವಾರ್ಧದ ಒಂದು ಸಣ್ಣ ವಿವರವನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ವಿದ್ಯಾರ್ಥಿಯು ಒಂಟಿಯಾಗಿ ಹೋಗಲಿಲ್ಲ. ಗುರುವೊಬ್ಬನು ಅವನ ಜೊತೆಗೆ ಹೋದನು.

ಹೀಗೆ ಜೊತೆಗೆ ನಡೆಯುವ ವ್ಯಕ್ತಿಗೆ ಇಂದಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಲಹೆಗಾರ ಎಂಬ ಹೆಸರಿದೆ. ಯಾವ ಪತ್ರಿಕೆ ಆವಶ್ಯಕ, ಯಾವುದು ಐಚ್ಛಿಕ, ಯಾವ ಕ್ರೆಡಿಟ್ ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ವಿದ್ಯಾರ್ಥಿಗೆ ತಿಳಿಸಿಹೇಳುವುದು ಅವನ ಕೆಲಸ. ಪಠ್ಯಕ್ರಮದ ನಿಯಮಗಳು ಬದಲಾದಾಗಲೆಲ್ಲ ಈ ಬದಲಾವಣೆಯ ಸುದ್ದಿ ಮೊದಲು ಅವನನ್ನು ಮುಟ್ಟಬೇಕು. ಆದರೆ ಭಾರತದ ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ನೋಡಿದರೆ ನಿಯಮಗಳನ್ನು ರೂಪಿಸುವುದಕ್ಕೆ ದೊರೆತ ಶ್ರದ್ಧೆ ಅವುಗಳನ್ನು ವಿದ್ಯಾರ್ಥಿಗೆ ಮುಟ್ಟಿಸುವುದಕ್ಕೆ ದೊರೆತಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಈ ಕೊರತೆಯ ಭಾರ ಹೊರನಾಡಿನ ಕನ್ನಡ ಅಧ್ಯಯನದ ಮೇಲೆ ಹೇಗೆ ಬಿದ್ದಿದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

ಮಧ್ಯಕಾಲೀನ ಕರ್ನಾಟಕದ ವಿದ್ಯಾಕೇಂದ್ರಗಳನ್ನು ಕುರಿತ ಶಾಸನಗಳು ಒಂದರ್ಥದಲ್ಲಿ ಅಂದಿನ ಪಠ್ಯಕ್ರಮದ ಅಧಿಸೂಚನೆಗಳೇ ಆಗಿವೆ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. ೯೪೫ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಶಾಲೆಯೊಂದನ್ನು ಕಟ್ಟಿಸಿದುದನ್ನೂ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದುದನ್ನೂ ಅವರ ವಸತಿಗೆ ಮಾಡಿದ ಏರ್ಪಾಟನ್ನೂ ಹೇಳುತ್ತದೆ. ಚಿತ್ತಾಪುರ ತಾಲ್ಲೂಕಿನ ನಾಗಾವಿಯ ೧೦೫೮ರ ಶಾಸನವು ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಶಾಲೆಯೊಂದರ ವಿವರವನ್ನು ಇನ್ನೂ ಖಚಿತವಾಗಿ ಕೊಡುತ್ತದೆ. ಅಲ್ಲಿ ವೇದಾಧ್ಯಯನ ಮಾಡುವ ಇನ್ನೂರು ಮಂದಿ, ಶಾಸ್ತ್ರಾಧ್ಯಯನ ಮಾಡುವ ಐವತ್ತಕ್ಕೆ ಸಮೀಪದ ಮಂದಿ, ಅವರ ಉಪಾಧ್ಯಾಯರು, ಇವರೊಂದಿಗೆ ಆರು ಮಂದಿ ಸರಸ್ವತೀ ಭಂಡಾರಿಗರು — ಇವರೆಲ್ಲರ ಜೀವನೋಪಾಯಕ್ಕೆ ವ್ಯವಸ್ಥೆಯಿದ್ದಿತು. ಬಳ್ಳಿಗಾವೆಯ ಕೋಡಿಯಮಠವನ್ನು ಬಣ್ಣಿಸುವ ೧೧೬೨ರ ಶಾಸನದಲ್ಲಂತೂ ವ್ಯಾಕರಣಗಳು, ದರ್ಶನಗಳು, ಪುರಾಣ, ಕಾವ್ಯ, ನಾಟಕ ಎಂದು ಅಲ್ಲಿ ನಡೆಯುತ್ತಿದ್ದ ಅಧ್ಯಯನದ ಪಟ್ಟಿಯೇ ಇದೆ.

ಈ ದಾಖಲೆಗಳ ಬಗೆಗೆ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಕಲ್ಲಿನಲ್ಲಿ ಕೊರೆದ ನಿಯಮವು ವರ್ಷದಿಂದ ವರ್ಷಕ್ಕೆ ಬದಲಾಗುವಂಥದಲ್ಲ. ‘ಶಾಸನ’ ಎಂಬ ಶಬ್ದಕ್ಕೆ ಬರಹ ಮತ್ತು ಕಟ್ಟಳೆ ಎಂಬ ಎರಡರ್ಥಗಳೂ ನಮ್ಮಲ್ಲಿ ಕೂಡಿಕೊಂಡಿರುವುದು ಆಕಸ್ಮಿಕವಲ್ಲ. ಎರಡನೆಯದು, ನಿಯಮ, ಅಧ್ಯಾಪಕ ಮತ್ತು ವಿದ್ಯಾರ್ಥಿ ಈ ಮೂರೂ ಒಂದೇ ಆವರಣದಲ್ಲಿದ್ದವು. ಕಲಿಸುವವನೇ ಕಟ್ಟಳೆಯನ್ನು ಬಲ್ಲವನಾಗಿದ್ದುದರಿಂದ ಅದನ್ನು ತಿಳಿಸಿಹೇಳಲು ಬೇರೊಬ್ಬನ ಆವಶ್ಯಕತೆ ಇರಲಿಲ್ಲ. ಈ ಪದ್ಧತಿಯಲ್ಲಿ ಪ್ರವೇಶವೆಂಬುದು ಸಮಾಜದ ಕೆಲವರಿಗೆ ಮಾತ್ರ ಮೀಸಲಾಗಿದ್ದಿತೆಂಬುದನ್ನು ಮರೆತು ಅದನ್ನು ಕೊಂಡಾಡುವುದು ನಮ್ಮ ಇಂಗಿತವಲ್ಲ. ನಿಯಮಕ್ಕೂ ವಿದ್ಯಾರ್ಥಿಗೂ ನಡುವೆ ದೂರವೆಂಬುದು ಯಾವಾಗ ಹುಟ್ಟಿತು ಎಂಬುದನ್ನು ಗುರುತಿಸುವುದಷ್ಟೇ ಇಲ್ಲಿಯ ಪ್ರಯೋಜನ.

೩

ಆ ದೂರ ಹುಟ್ಟಿದುದು ೧೮೫೭ರಲ್ಲಿ. ಕಲ್ಕತ್ತ, ಮುಂಬಯಿ ಮತ್ತು ಮದರಾಸು ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಸ್ಥಾಪಿತವಾದುವು. ಇವು ಕಲಿಸುವ ಸಂಸ್ಥೆಗಳಾಗಿರಲಿಲ್ಲ. ದೂರದ ಕಾಲೇಜುಗಳನ್ನು ಸಂಯೋಜಿಸಿಕೊಂಡು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದುವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಗೂ ಮಂಗಳೂರಿನ ವಿದ್ಯಾರ್ಥಿಗೂ ಕಟ್ಟಳೆ ಬರುತ್ತಿದ್ದುದು ಮದರಾಸಿನಿಂದ. ಧಾರವಾಡ, ಬೆಳಗಾವಿಯವರಿಗೆ ಅದು ಮುಂಬಯಿಯಿಂದ. ಮುಂದೆ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿತವಾದ ಮೇಲೆ ಕಲಬುರಗಿಯವರಿಗೆ ಹೈದರಾಬಾದಿನಿಂದ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಬರುವವರೆಗೆ ಕನ್ನಡಿಗ ವಿದ್ಯಾರ್ಥಿಗಳ ವ್ಯಾಸಂಗದ ನಿಯಮಗಳು ಹೊರನಾಡಿನ ನಗರಗಳಲ್ಲಿ ರೂಪುಗೊಂಡುವೆಂಬುದನ್ನು ನಾವು ಮರೆಯಬಾರದು.

ಕನ್ನಡ ಭಾಷೆಯ ಮಟ್ಟಿಗೆ ಈ ಕಾಲಾವಧಿಯು ಎರಡು ಬಗೆಯ ಅನುಭವವನ್ನು ಕೊಟ್ಟಿದೆ. ‘ಕರ್ನಾಟಕ ಕವಿಚರಿತೆ’ಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು ಕನ್ನಡದಲ್ಲಿ ಎಂ.ಎ. ಪದವಿಯನ್ನು ಪಡೆದುದು ೧೮೯೦ರ ದಶಕದಲ್ಲಿ, ಮದರಾಸು ವಿಶ್ವವಿದ್ಯಾಲಯದಿಂದ. ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿಗಳು ಆರಂಭವಾದುದು ೧೯೨೦ರ ದಶಕದ ಕೊನೆಯ ಭಾಗದಲ್ಲಿ. ಹೀಗೆ ಕನ್ನಡದ ಉನ್ನತ ಪದವಿಗೆ ದಾರಿ ತೆರೆದುದು ಹೊರನಾಡಿನಲ್ಲಿಯೇ. ಆದರೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಆರಂಭಕಾಲದಲ್ಲಿ ದೇಶಭಾಷೆಗಳಿಗೆ ಇದ್ದ ಅವಕಾಶವು ಬಹುಬೇಗ ಮೇಲಿನ ಪರೀಕ್ಷೆಗಳಿಂದ ಕಳಚಿಹೋಯಿತು. ಅದನ್ನು ಮರಳಿ ದೊರಕಿಸಲು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರಂಥವರು ವರ್ಷಗಟ್ಟಲೆ ಶ್ರಮಿಸಬೇಕಾಯಿತು. ನಿಯಮಾವಳಿಯ ಒಂದು ಸಾಲು ಭಾಷೆಯೊಂದರ ವ್ಯಾಸಂಗವನ್ನು ಹೇಗೆ ತೆರೆಯಬಲ್ಲುದು, ಹೇಗೆ ಮುಚ್ಚಬಲ್ಲುದು ಎಂಬುದಕ್ಕೆ ಇವೆರಡೂ ನಿದರ್ಶನಗಳು.

ಈ ಸಾಲುಗಳು ಅಚ್ಚಾಗುತ್ತಿದ್ದುದು ವಿಶ್ವವಿದ್ಯಾಲಯದ ವಾರ್ಷಿಕ ಕ್ಯಾಲೆಂಡರಿನಲ್ಲಿ. ನಿಯಮಗಳು, ಪರೀಕ್ಷೆಯ ವಿಷಯಗಳು, ನಿಗದಿಯಾದ ಪಠ್ಯಗ್ರಂಥಗಳು ಅದರಲ್ಲಿರುತ್ತಿದ್ದುವು. ಕ್ಯಾಲೆಂಡರು ಕಾಲೇಜಿನಲ್ಲಿದ್ದರೆ ಸಾಲದು, ಅದನ್ನು ಬಿಡಿಸಿ ಹೇಳುವವರು ಬೇಕು. ಕಲ್ಕತ್ತ ವಿಶ್ವವಿದ್ಯಾಲಯವನ್ನು ಕುರಿತು ೧೯೧೭ರಿಂದ ೧೯೧೯ರವರೆಗೆ ವಿಚಾರಣೆ ನಡೆಸಿದ ಸ್ಯಾಡ್ಲರ್ ಆಯೋಗವು ಇಂಟರ್‌ಮೀಡಿಯೆಟ್ ತರಗತಿಗಳನ್ನು ವಿಶ್ವವಿದ್ಯಾಲಯದಿಂದ ಬೇರ್ಪಡಿಸಬೇಕೆಂದೂ ಪದವಿ ವ್ಯಾಸಂಗವು ಮೂರು ವರ್ಷದ್ದಾಗಬೇಕೆಂದೂ ಶಿಫಾರಸು ಮಾಡಿತು. ಜೊತೆಗೆ ವಿದ್ಯಾರ್ಥಿಗಳ ಕ್ಷೇಮವನ್ನು ನೋಡಿಕೊಳ್ಳಲು ಪ್ರತ್ಯೇಕ ಮಂಡಳಿ ಬೇಕೆಂದೂ ಹೇಳಿತು. ಮೂರು ವರ್ಷದ ಪದವಿಯು ೧೯೪೩ರಲ್ಲಿ ದೆಹಲಿಯಲ್ಲಿ ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ ಉಳಿದೆಡೆಗೂ ಹಬ್ಬಿತು. ಕ್ಷೇಮ ಮಂಡಳಿಯ ಮಾತು ಬಹುಮಟ್ಟಿಗೆ ವರದಿಯಲ್ಲಿಯೇ ಉಳಿಯಿತು.

೪

ಸಲಹೆಗಾರನೆಂಬ ಸ್ಥಾನವು ಪ್ರತ್ಯೇಕವಾಗಿ ರೂಪುಗೊಂಡುದು ಅಮೆರಿಕದಲ್ಲಿ. ಅದರ ಕಾರಣವನ್ನು ತಿಳಿಯುವುದು ಅವಶ್ಯ. ೧೮೬೯ರಲ್ಲಿ ಹಾರ್ವರ್ಡಿನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಅವರು ಐಚ್ಛಿಕ ಪತ್ರಿಕೆಗಳ ಪದ್ಧತಿಯನ್ನು ವಿಸ್ತಾರವಾಗಿ ಬೆಳೆಸಿದರು. ಎಲ್ಲರಿಗೂ ಒಂದೇ ಪಠ್ಯಕ್ರಮವಿದ್ದಾಗ ಸಲಹೆಯ ಪ್ರಶ್ನೆ ಏಳುವುದಿಲ್ಲ; ಆಯ್ಕೆ ಬಂದಾಗ ತಪ್ಪು ಆಯ್ಕೆಯೂ ಬರುತ್ತದೆ. ೧೮೭೬ರಲ್ಲಿ ಆರಂಭವಾದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆ ದಶಕದಲ್ಲಿಯೇ ಅಧ್ಯಾಪಕರು ಸಲಹೆಗಾರರಾಗುವ ಏರ್ಪಾಟಾಯಿತು. ಹಾರ್ವರ್ಡಿನಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ಸಲಹೆಗಾರರ ಮಂಡಳಿಯೊಂದು ೧೮೮೯ರಲ್ಲಿ ರಚಿತವಾಯಿತು. ಅಂದರೆ ಐಚ್ಛಿಕ ಪದ್ಧತಿ ಮತ್ತು ಸಲಹೆಗಾರ ಇವೆರಡೂ ಕೂಡಿಯೇ ಬೆಳೆದವು.

ಭಾರತಕ್ಕೆ ಈ ಪದ್ಧತಿ ಬಂದುದು ವೃತ್ತಿಶಿಕ್ಷಣದ ಮೂಲಕ. ಅಮೆರಿಕದ ಕೃಷಿ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ ೧೯೬೦ರಲ್ಲಿ ಪಂತನಗರದಲ್ಲಿಯೂ ೧೯೬೪ರಲ್ಲಿ ಬೆಂಗಳೂರಿನಲ್ಲಿಯೂ ಕೃಷಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದಾಗ, ಪ್ರತಿಯೊಬ್ಬ ವಿದ್ಯಾರ್ಥಿಗೂ ಒಬ್ಬ ಸಲಹೆಗಾರ, ಸ್ನಾತಕೋತ್ತರ ವಿದ್ಯಾರ್ಥಿಗೆ ಸಲಹಾ ಸಮಿತಿ ಎಂಬುದು ಅವುಗಳ ರಚನೆಯ ಅಂಗವಾಗಿಯೇ ಬಂದಿತು. ತಂತ್ರಜ್ಞಾನ ಸಂಸ್ಥೆಗಳಲ್ಲಿಯೂ ಹೀಗೆಯೇ ಆಯಿತು. ಅನಂತರ ಹೈದರಾಬಾದಿನಲ್ಲಿ ೧೯೮೨ರಲ್ಲಿ ಸ್ಥಾಪಿತವಾದ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯ ಮತ್ತು ೧೯೮೫ರ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಗಳು ಅಧ್ಯಯನ ಕೇಂದ್ರಗಳ ಪದ್ಧತಿಯನ್ನು ಬೆಳೆಸಿದುವು. ಇಂದಿರಾಗಾಂಧಿ ವಿಶ್ವವಿದ್ಯಾಲಯವು ಈ ಕೇಂದ್ರಗಳ ಅಧ್ಯಾಪಕನನ್ನು ‘ಶೈಕ್ಷಣಿಕ ಸಲಹೆಗಾರ’ ಎಂದೇ ಕರೆಯಿತು. ವಿದ್ಯಾರ್ಥಿ ಕಣ್ಣಿಗೆ ಬೀಳದಷ್ಟು ದೂರದಲ್ಲಿದ್ದಾನೆಂಬ ಅರಿವೇ ಆ ಹೆಸರಿಗೆ ಕಾರಣವಾಗಿರಬೇಕು. ಆದರೆ ಕಲೆ ಮತ್ತು ಭಾಷಾ ವಿಭಾಗಗಳುಳ್ಳ ನಮ್ಮ ಸಾಮಾನ್ಯ ವಿಶ್ವವಿದ್ಯಾಲಯಗಳು, ವಿದ್ಯಾರ್ಥಿ ಎದುರಿಗೇ ಕುಳಿತಿದ್ದಾನೆಂಬ ನೆಮ್ಮದಿಯಲ್ಲಿ, ಈ ವ್ಯವಸ್ಥೆಯನ್ನು ಗಂಭೀರವಾಗಿ ಪರಿಗಣಿಸಲಿಲ್ಲ.

೫

ಸ್ವತಂತ್ರ ಭಾರತದ ಆಯೋಗಗಳು ಈ ವಿಷಯವನ್ನು ಪೂರ್ತಿಯಾಗಿ ಕಡೆಗಣಿಸಿದುವೆಂದು ಹೇಳಲಾಗದು. ೧೯೪೮–೪೯ರ ರಾಧಾಕೃಷ್ಣನ್ ಆಯೋಗವು ಪ್ರತಿಯೊಂದು ವಿಶ್ವವಿದ್ಯಾಲಯದಲ್ಲಿಯೂ ವಿದ್ಯಾರ್ಥಿ ಕ್ಷೇಮಕ್ಕಾಗಿ ಸಲಹಾ ಮಂಡಳಿ ಬೇಕೆಂದಿತು. ೧೯೬೪–೬೬ರ ಕೊಠಾರಿ ಆಯೋಗವು ಮಾರ್ಗದರ್ಶನವನ್ನು ಶಿಕ್ಷಣದ ಅವಿಭಾಜ್ಯ ಅಂಗವೆಂದು ಕರೆಯಿತು. ಆದರೆ ಕೊಠಾರಿ ಆಯೋಗದ ಹೆಸರಿನೊಡನೆ ಜನಮನದಲ್ಲಿ ಉಳಿದುದು ಹತ್ತು, ಎರಡು, ಮೂರು ಎಂಬ ವರ್ಷಗಳ ಲೆಕ್ಕವೇ ಹೊರತು ಮಾರ್ಗದರ್ಶನದ ಮಾತಲ್ಲ.

ಈ ಲೆಕ್ಕಗಳ ಬದಲಾವಣೆಯನ್ನು ನಮ್ಮ ಮನೆಗಳ ಮಾತಿನಲ್ಲಿಯೇ ಕಾಣಬಹುದು. ಮುತ್ತಜ್ಜನು ಎಫ್.ಎ., ಅಜ್ಜನು ಇಂಟರ್, ತಂದೆ ಪಿ.ಯು.ಸಿ., ಮುಂಬಯಿ ಪುಣೆಗಳಲ್ಲಿ ಬೆಳೆದ ಮಗಳು ಟ್ವೆಲ್ಫ್ತ್ — ಒಂದೇ ವಯಸ್ಸಿನ ವ್ಯಾಸಂಗಕ್ಕೆ ನಾಲ್ಕು ತಲೆಮಾರಿನಲ್ಲಿ ನಾಲ್ಕು ಹೆಸರು. ಮನೆಯ ಹಿರಿಯರ ಸಲಹೆ ಯಾವಾಗಲೂ ಒಂದು ಪದ್ಧತಿಯಷ್ಟು ಹಿಂದೆ ಉಳಿದಿರುತ್ತದೆಂಬುದು ಇದರಿಂದ ತಿಳಿಯುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಆ ಹಳೆಯ ಸಲಹೆಯೂ ಇಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಬದಲಾವಣೆಯ ವೇಗವು ತಲೆಮಾರಿನ ಅಳತೆಯನ್ನು ಮೀರಿದೆ. ದೆಹಲಿ ವಿಶ್ವವಿದ್ಯಾಲಯವು ೨೦೧೩ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು ೨೦೧೪ರಲ್ಲಿ ಹಿಂತೆಗೆದುಕೊಂಡಿತು. ೨೦೧೫ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯನ್ನು ಮುಂದಿಟ್ಟಿತು. ೨೦೨೦ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ೨೦೨೧ರಲ್ಲಿ ಕ್ರೆಡಿಟ್‌ಗಳ ಸಂಚಯ ನಿಧಿ, ೨೦೨೨ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದವು. ಅದೇ ವರ್ಷ ಎಂ.ಫಿಲ್. ಪದವಿ ನಿಂತಿತು, ಪದವಿ ವ್ಯಾಸಂಗಕ್ಕೆ ಹೊಸ ಚೌಕಟ್ಟು ಪ್ರಕಟವಾಯಿತು. ಈ ಚೌಕಟ್ಟಿನಲ್ಲಿ ಕನಿಷ್ಠ ೧೨೦ ಕ್ರೆಡಿಟ್‌ಗಳಿಗೆ ಮೂರು ವರ್ಷದ ಪದವಿ, ೧೬೦ಕ್ಕೆ ನಾಲ್ಕು ವರ್ಷದ ಆನರ್ಸ್ ಪದವಿ; ಅದಕ್ಕೂ ಮೊದಲು ಹೊರಬೀಳುವವರಿಗೆ ಪ್ರಮಾಣಪತ್ರ ಅಥವಾ ಡಿಪ್ಲೊಮಾ. ಕರ್ನಾಟಕವು ೨೦೨೧–೨೨ರಲ್ಲಿ ಈ ನೀತಿಯಂತೆ ನಡೆದು ೨೦೨೪–೨೫ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದೇ ಕಾಲೇಜಿನಲ್ಲಿ, ಒಂದೇ ಪಡಸಾಲೆಯಲ್ಲಿ ಎದುರುಬದುರಾಗುವ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಯೋಜನೆಗಳಿಗೆ ಒಳಪಟ್ಟಿರುವುದು ಇದರ ಫಲ. ಇವರಲ್ಲೊಬ್ಬನು ಕನ್ನಡ ಎಂ.ಎ.ಗಾಗಿ ಹೊರನಾಡಿನ ವಿಭಾಗಕ್ಕೆ ಬಂದರೆ ಅವನಿಗೆ ಒಂದು ವರ್ಷದ ವ್ಯಾಸಂಗವೇ, ಎರಡು ವರ್ಷದ್ದೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಆ ವಿಭಾಗದ ಅಧ್ಯಾಪಕರು.

ಬದಲಾವಣೆ ಬೇಡವೆಂಬುದು ನಮ್ಮ ವಾದವಲ್ಲ. ರಾನಡೆಯವರು ಕೇಳಿದುದೂ ಬದಲಾವಣೆಯನ್ನೇ. ಹೊಸ ಚೌಕಟ್ಟಿನಲ್ಲಿ ಆಧುನಿಕ ಭಾರತೀಯ ಭಾಷೆಗಳಿಗೆ ಸ್ಥಾನವಿರುವುದೂ ಪ್ರವೇಶ ಪರೀಕ್ಷೆಯ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಸೇರಿರುವುದೂ ಹೊರನಾಡ ಕನ್ನಡಿಗರಿಗೆ ಅನುಕೂಲವಾದ ಸಂಗತಿಗಳೇ ಆಗಿವೆ. ಆದರೆ ಅವಕಾಶವಿದೆಯೆಂಬುದನ್ನು ಹೇಳುವವರಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

೬

ಈ ಮಾತನ್ನು ನಾವು ಪರರ ದೋಷವನ್ನು ಎಣಿಸುವುದಕ್ಕಾಗಿ ಹೇಳುತ್ತಿಲ್ಲ. ನಮ್ಮ ಒಂದು ತಪ್ಪನ್ನು ಇಲ್ಲಿ ನಿವೇದಿಸುವುದು ಉಚಿತವೆಂದು ಭಾವಿಸಿದ್ದೇವೆ. ಕೆಲವು ವರ್ಷಗಳ ಹಿಂದೆ, ಹೊರನಾಡಿನ ನಗರವೊಂದರಲ್ಲಿ ಹುಟ್ಟಿ ಬೆಳೆದ, ಮನೆಯಲ್ಲಿ ಕನ್ನಡ ಮಾತನಾಡುವ ವಿದ್ಯಾರ್ಥಿನಿಯೊಬ್ಬಳು ಕನ್ನಡ ಪತ್ರಿಕೆಗಳನ್ನು ತೆಗೆದುಕೊಳ್ಳುವ ಇಚ್ಛೆಯಿಂದ ನಮ್ಮಲ್ಲಿಗೆ ಬಂದಳು. ಅವು ಐಚ್ಛಿಕ ವಿಷಯದ ಲೆಕ್ಕಕ್ಕೆ ಸೇರುತ್ತವೆಯೇ ಎಂದು ಕೇಳಿದಳು. ನಮ್ಮ ಮೇಜಿನ ಮೇಲೆ ಪಠ್ಯಕ್ರಮದ ಕೈಪಿಡಿ ಇದ್ದಿತು. ಅದನ್ನು ತೆರೆದು ನೋಡಿ ಸೇರುತ್ತವೆ ಎಂದೆವು. ಅದು ಹಿಂದಿನ ವರ್ಷದ ಕೈಪಿಡಿ. ಪರಿಷ್ಕೃತ ಯೋಜನೆಯಲ್ಲಿ ಆ ಪತ್ರಿಕೆಗಳು ಕೇವಲ ಭಾಷಾ ಪತ್ರಿಕೆಗಳ ಲೆಕ್ಕಕ್ಕೆ ಸೇರಿದ್ದುವು. ಸುತ್ತೋಲೆಯು ವಿಭಾಗದ ಕಡತದಲ್ಲಿಯೇ ಇದ್ದಿತು, ನಾವು ಓದಿರಲಿಲ್ಲ.

ಅಂತಿಮ ವರ್ಷದಲ್ಲಿ ಐಚ್ಛಿಕ ವಿಷಯದ ಕ್ರೆಡಿಟ್‌ಗಳು ಕಡಿಮೆಯಾದುದು ಪರೀಕ್ಷಾ ವಿಭಾಗದವರಿಗೆ ಕಂಡಿತು. ಆಕೆ ಮತ್ತೆರಡು ಪತ್ರಿಕೆಗಳನ್ನು ಬರೆಯಬೇಕಾಯಿತು, ಎಂ.ಎ. ಪ್ರವೇಶ ಒಂದು ವರ್ಷ ಹಿಂದೆ ಬಿದ್ದಿತು. ವಿದ್ಯಾರ್ಥಿನಿ ನಮ್ಮನ್ನು ಏನೂ ಅನ್ನಲಿಲ್ಲ. ಆಕೆಯ ತಂದೆ, ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು, ಒಂದು ದಿನ ಬಂದು ವಿನಯದಿಂದಲೇ ಕೇಳಿದರು: “ಕನ್ನಡ ತಗೊಂಡದ್ದಕ್ಕೆ ಹೀಗಾಯ್ತಾ ಸರ್?” ಕನ್ನಡದಿಂದ ಅಲ್ಲ, ನಮ್ಮಿಂದ ಆದುದು ಎಂದು ಹೇಳಿದೆವು. ಅವರು ತಲೆಯಾಡಿಸಿದರು. ಆಕೆಯ ತಮ್ಮನು ಮುಂದೆ ಕಾಲೇಜು ಸೇರಿದಾಗ ಕನ್ನಡವನ್ನು ತೆಗೆದುಕೊಳ್ಳಲಿಲ್ಲ.

ಹೊರನಾಡಿನ ಕನ್ನಡ ವಿಭಾಗಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಕುಗ್ಗುತ್ತಿರುವುದಕ್ಕೆ ಭಾಷಾಭಿಮಾನದ ಕೊರತೆಯೇ ಕಾರಣವೆಂದು ಸಭೆಗಳಲ್ಲಿ ಮತ್ತೆ ಮತ್ತೆ ಹೇಳಲಾಗುತ್ತದೆ. ಆ ತಂದೆಗೆ ಅಭಿಮಾನದ ಕೊರತೆ ಇರಲಿಲ್ಲ. ದೊಡ್ಡ ವಿಭಾಗದಲ್ಲಿ ಒಬ್ಬ ವಿದ್ಯಾರ್ಥಿಗೆ ತಪ್ಪು ಸಲಹೆ ದೊರೆತರೆ ಅದು ಆ ವಿದ್ಯಾರ್ಥಿಯ ನಷ್ಟವಾಗಿ ಉಳಿಯುತ್ತದೆ. ಬೆರಳೆಣಿಕೆಯ ವಿದ್ಯಾರ್ಥಿಗಳಿರುವಲ್ಲಿ ಅದು ಭಾಷೆಯ ಮೇಲಿನ ಅಪನಂಬಿಕೆಯಾಗಿ ಒಂದು ಕೇರಿಗೆ, ಒಂದು ಸಂಘಕ್ಕೆ ಹರಡುತ್ತದೆ.

೭

ಮೇಲಿನ ಅವಲೋಕನದಿಂದ ಎರಡು ಕಾರ್ಯಗಳು ನಮ್ಮ ಮುಂದೆ ಬರುತ್ತವೆ. ಮೊದಲನೆಯದು ಆಡಳಿತಕ್ಕೆ ಸಂಬಂಧಿಸಿದುದು. ಅಧ್ಯಯನ ಮಂಡಳಿಯಲ್ಲಿ ಪಠ್ಯಕ್ರಮದ ಬದಲಾವಣೆಯೊಂದು ಅಂಗೀಕೃತವಾದಾಗ ಅದರ ಜೊತೆಯಲ್ಲಿಯೇ ಸಲಹೆಗಾರರಿಗಾಗಿ ಒಂದು ಪುಟದ ಟಿಪ್ಪಣಿ ಹೊರಡಬೇಕು. ಯಾವ ವರ್ಷ ಪ್ರವೇಶ ಪಡೆದವರಿಗೆ ಇದು ಅನ್ವಯ, ಹಳೆಯ ಯೋಜನೆಯವರ ಗತಿಯೇನು, ಹಳೆಯ ಯಾವ ಪತ್ರಿಕೆಗೆ ಹೊಸ ಯಾವ ಪತ್ರಿಕೆ ಸಮಾನ, ಆಯ್ಕೆಯನ್ನು ಯಾವ ದಿನಾಂಕದೊಳಗೆ ತಿಳಿಸಬೇಕು — ಈ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಟಿಪ್ಪಣಿಯ ತಲೆಯ ಮೇಲೆ ದಿನಾಂಕವಿರಬೇಕು. ಹಿಂದಿನ ಟಿಪ್ಪಣಿ ರದ್ದಾಯಿತೆಂಬುದು ಸ್ಪಷ್ಟವಾಗಿರಬೇಕು. ನಮ್ಮ ಮೇಜಿನ ಮೇಲಿದ್ದ ಕೈಪಿಡಿಯ ರಕ್ಷಾಪುಟದಲ್ಲಿ ವರ್ಷವನ್ನು ದೊಡ್ಡದಾಗಿ ಮುದ್ರಿಸಿದ್ದರೆ ಒಂದು ಕುಟುಂಬಕ್ಕೆ ಕನ್ನಡದ ಮೇಲಿದ್ದ ವಿಶ್ವಾಸ ಉಳಿಯುತ್ತಿದ್ದಿತೋ ಏನೋ.

ಎರಡನೆಯದು ಸಂಶೋಧಕರಿಗೆ ಸಂಬಂಧಿಸಿದುದು. ಹೊರನಾಡಿನ ಕನ್ನಡ ಅಧ್ಯಯನದ ಚರಿತ್ರೆಯನ್ನು ನಾವು ಈವರೆಗೆ ವಿದ್ವಾಂಸರ ಗ್ರಂಥಗಳ ಮೂಲಕ, ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳ ಮೂಲಕ ಬರೆದಿದ್ದೇವೆ. ಹಳೆಯ ಕ್ಯಾಲೆಂಡರುಗಳು, ಪಠ್ಯಕ್ರಮದ ಕೈಪಿಡಿಗಳು, ಅಧ್ಯಯನ ಮಂಡಳಿಯ ನಡವಳಿಗಳು, ಸುತ್ತೋಲೆಗಳು ಇವು ಆಕರಗಳೆಂದು ನಮಗೆ ತೋರಿಲ್ಲ. ಯಾವ ವರ್ಷ ಕನ್ನಡ ಪತ್ರಿಕೆ ಐಚ್ಛಿಕವಾಗಿದ್ದಿತು, ಯಾವ ವರ್ಷ ಪಟ್ಟಿಯಿಂದ ಬಿದ್ದುಹೋಯಿತು ಎಂಬುದು ತಿಳಿಯದೆ ವಿದ್ಯಾರ್ಥಿಗಳು ಏಕೆ ಬಂದರು, ಏಕೆ ಬರದಾದರು ಎಂಬುದನ್ನು ವಿವರಿಸಲಾಗದು. ಈ ಕಾಗದಗಳು ವಿಭಾಗಗಳು ಕೊಠಡಿ ಬದಲಾಯಿಸುವಾಗ ರದ್ದಿಗೆ ಹೋಗುವಂಥವು. ಮುಂಬಯಿ, ಪುಣೆ, ಮದರಾಸು, ಹೈದರಾಬಾದು, ದೆಹಲಿಗಳಲ್ಲಿರುವ ಸಂಶೋಧಕ ಮಿತ್ರರು ತಮಗೆ ದೊರೆತ ಇಂಥ ಕಾಗದಗಳನ್ನು ವರ್ಷವಾರು ಜೋಡಿಸಿ ತಮ್ಮ ವಿಭಾಗದ ಗ್ರಂಥಭಂಡಾರಕ್ಕೆ ಒಪ್ಪಿಸಬೇಕೆಂದು ನಾವು ವಿನಂತಿಸುತ್ತೇವೆ.

ನಾಗಾವಿಯ ಶಾಸನವು ಆರು ಮಂದಿ ಸರಸ್ವತೀ ಭಂಡಾರಿಗರನ್ನು ಉಪಾಧ್ಯಾಯರೊಡನೆಯೇ ಹೆಸರಿಸಿ ಅವರಿಗೂ ವೃತ್ತಿಯನ್ನು ಕಲ್ಪಿಸಿದೆ. ಬರಹವನ್ನು ಕಾಪಾಡಿ, ಬೇಕಾದಾಗ ಬೇಕಾದವರಿಗೆ ತೆಗೆದುಕೊಡುವುದು ವಿದ್ಯಾಸಂಸ್ಥೆಯ ಕೆಲಸಗಳಲ್ಲೊಂದೆಂದು ಅಂದಿನವರು ತಿಳಿದಿದ್ದರು. ಇಂದಿನ ಸಲಹೆಗಾರನ ಕೆಲಸವೂ ಬಹುಮಟ್ಟಿಗೆ ಅದೇ ಆಗಿದೆ. ಹೊರನಾಡಿನಲ್ಲಿ ಕನ್ನಡವನ್ನು ಅರಸಿ ಬರುವ ವಿದ್ಯಾರ್ಥಿಗಳು ಕೆಲವರೇ ಆಗಿರುವಾಗ ಆ ಕೆಲಸವನ್ನು ಬಿಡುವಿದ್ದಾಗ ಮಾಡುವ ಉಪಕಾರವೆಂದು ನಾವು ಎಣಿಸುವಂತಿಲ್ಲ.